ಹಲಗೆ ಕೇಳಿಸಿಕೊಳ್ಳುತ್ತಿತ್ತು: ಕರಿಯನ ಪ್ರಕರಣ

2025ರ ಜನವರಿ 26, ಭಾನುವಾರ. ಬೆಳಗ್ಗೆ ಆರೂವರೆ. ಮೂರನೇ ಕ್ಯಾಬಿನ್ನಿನ ಜಗುಲಿಯಲ್ಲಿ ನಮ್ಮ ಹಳೇ ನಾಯಿ ಕರಿಯ ಮಲಗಿದ್ದ. ದಾವಣಗೆರೆಯಿಂದ ಬಂದಿದ್ದ ಕುಟುಂಬದ ಏಳು ವರ್ಷದ ಹುಡುಗಿ ಬಾಗಿಲು ತೆಗೆದು ಹೊರಗೆ ಬಂದಳು. ಹಿಂದಿನ ದಿನ ಸಂಜೆಯೆಲ್ಲ ಅವನ ಜೊತೆಗೇ ಇದ್ದಳು. ಆ ಸಲುಗೆಯಿಂದ ಪಕ್ಕದಲ್ಲಿ ಕೂತು ಅವನ ಬಲಗೆನ್ನೆ ಸವರಿದಳು. ಕರಿಯ ಬೆಚ್ಚಿಬಿದ್ದು ಎದ್ದ. ಎದ್ದವನೇ ಬಾಯಿ ಹಾಕಿದ.

ಕಚ್ಚಿ ಹಿಡಿಯಲಿಲ್ಲ. ಮುಂಗೈ ಮೇಲೆ ಹಲ್ಲು ತಾಗಿ ಒಂದು ಗೀರು ಬಿತ್ತು. ರಕ್ತ ಬರಲಿಲ್ಲ. ಆದರೆ ಮಗು ಕಿರುಚಿದ್ದು ಅಡುಗೆ ಮನೆಯವರೆಗೂ ಕೇಳಿಸಿತು. ನಾನು ಓಡಿ ಬರುವ ಹೊತ್ತಿಗೆ ಕರಿಯ ಜಗುಲಿಯ ಮೂಲೆಗೆ ಸರಿದು ನಡುಗುತ್ತಾ ನಿಂತಿದ್ದ. ಹದಿಮೂರು ವರ್ಷದಲ್ಲಿ ಅವನು ಒಬ್ಬರ ಮೇಲೂ ಹಲ್ಲು ತೋರಿಸಿದವನಲ್ಲ.

ಆ ಬೆಳಗ್ಗೆಯಿಂದ ಅಕ್ಟೋಬರ್‌ವರೆಗೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಹಳ್ಳಿ ಕಡೆ ಹೋಮ್‌ಸ್ಟೇ, ಕ್ಯಾಬಿನ್, ಫಾರ್ಮ್‌ಸ್ಟೇ ನಡೆಸುವವರು ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಅನೇಕರ ಹತ್ತಿರ ನಾಯಿಗಳಿವೆ. ಆ ನಾಯಿಗಳಿಗೂ ವಯಸ್ಸಾಗುತ್ತದೆ, ಅಲ್ವಾ?

ಜಾಗ

ನಮ್ಮದು ಚಿತ್ರದುರ್ಗದ ಹೊರಗೆ, ಜೋಗಿಮಟ್ಟಿ ಗುಡ್ಡಸಾಲಿನ ಬುಡದಲ್ಲಿ ಒಂಬತ್ತು ಎಕರೆ. ಈರುಳ್ಳಿ, ಶೇಂಗಾ, ಸ್ವಲ್ಪ ದಾಳಿಂಬೆ. 2011ರಲ್ಲಿ ನಾನು ಮತ್ತು ನನ್ನ ಗಂಡ ಎರಡು ಕ್ಯಾಬಿನ್ ಕಟ್ಟಿಸಿದೆವು. ಈಗ ಐದಿವೆ. ಗುಡ್ಡದ ನೆತ್ತಿಯಲ್ಲಿ ಗಾಳಿ ವಿದ್ಯುತ್ತಿನ ಯಂತ್ರಗಳು ಸಾಲಾಗಿ ನಿಂತಿವೆ. ನಮ್ಮ ಕಡೆ ಅವನ್ನು ಸುಮ್ನೆ ‘ಫ್ಯಾನು’ ಅಂತಾರೆ. ಬಂದವರಿಗೆ ಮೊದಲು ಕಾಣುವುದು ಆ ಫ್ಯಾನುಗಳು. ಆಮೇಲೆ ಗೇಟಿನ ಹತ್ತಿರ ನಿಂತ ನಾಯಿಗಳು.

ಕರಿಯ ಬಂದದ್ದು ಆ ವರ್ಷದ ದೀಪಾವಳಿ ಹೊತ್ತಿಗೆ. ಪಟಾಕಿಗೆ ಹೆದರಿ ಈರುಳ್ಳಿ ಗೋದಾಮಿನ ಚೀಲಗಳ ನಡುವೆ ಸೇರಿಕೊಂಡಿದ್ದ ಎರಡು ತಿಂಗಳ ಮರಿ. ಬೀದಿ ನಾಯಿ ತಳಿ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ಒಂದು ಬಿಳಿ ಗೆರೆ. ಎರಡನೆಯವಳು ಬೆಳ್ಳಿ, ಮುಧೋಳ ಬೆರಕೆ, ಹನ್ನೊಂದು ವರ್ಷ. ಮೂರನೆಯವನು ರಾಜ, ಲ್ಯಾಬ್ರಡಾರ್, ಒಂಬತ್ತು ವರ್ಷ. ಅವನನ್ನು ಸಾಕಿದ್ದ ಮನೆಯವರು ಊರು ಬಿಡುವಾಗ ನಮ್ಮಲ್ಲಿ ಬಿಟ್ಟು ಹೋದರು.

ಗೇಟಿನ ಕೆಲಸ ಕರಿಯನದು. ಕಾರು ಬಂದರೆ ಎರಡು ಸಲ ಬೊಗಳುತ್ತಿದ್ದ. ಬಾಗಿಲು ತೆಗೆದ ಕೂಡಲೇ ಮುಂದೆ ಮುಂದೆ ನಡೆದು ಅತಿಥಿಗಳನ್ನು ಅವರ ಕ್ಯಾಬಿನ್‌ವರೆಗೆ ಕರೆದುಕೊಂಡು ಹೋಗುತ್ತಿದ್ದ. ಇದನ್ನು ಯಾರೂ ಕಲಿಸಿದ್ದಲ್ಲ. ಎರಡನೇ ಸಲ ಬರುವ ಮಕ್ಕಳು ನಮ್ಮ ಹೆಸರು ಮರೆತಿರುತ್ತಾರೆ, ಅವನ ಹೆಸರು ಮರೆತಿರುವುದಿಲ್ಲ.

ಆ ವಾರ ನಮ್ಮಲ್ಲಿ ವಿಪರೀತ ಜನ. ಹಿರಿಯೂರಿನ ವಾಣಿ ವಿಲಾಸ ಸಾಗರ ಜನವರಿ ಎರಡನೇ ವಾರದಲ್ಲಿ ಕೋಡಿ ಬಿದ್ದಿತ್ತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರ ನಂತರ ತುಂಬಿ ಹರಿದದ್ದು 2022ರಲ್ಲಿ. ಮತ್ತೆ ಈಗ. ಆ ಅಣೆಕಟ್ಟಿಗೆ ನಮ್ಮ ಕಡೆ ಮಾರಿಕಣಿವೆ ಅಂತಾರೆ. ಮಾರಿಕಣಿವೆ ಕೋಡಿ ಬಿದ್ದಿದೆ ಅಂದರೆ ನಮ್ಮ ಜಿಲ್ಲೆಯವರಿಗೆ ಹಬ್ಬ. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬರುತ್ತಾರೆ. ಗಣರಾಜ್ಯೋತ್ಸವದ ರಜೆಯೂ ಸೇರಿ ಐದೂ ಕ್ಯಾಬಿನ್ ತುಂಬಿದ್ದವು. ಶನಿವಾರ ರಾತ್ರಿ ಹನ್ನೊಂದರವರೆಗೆ ಬೆಂಕಿ ಹಾಕಿಕೊಂಡು ಕೂತಿದ್ದರು. ನಾಯಿಗಳಿಗೂ ಸರಿಯಾಗಿ ನಿದ್ದೆ ಆಗಿರಲಿಲ್ಲ.

ಮೊದಲ ಒಂದು ಗಂಟೆ

ಗೀರು ಸಣ್ಣದು ಅಂತ ಬಿಡುವ ಹಾಗಿರಲಿಲ್ಲ. ನಲ್ಲಿಯ ಕೆಳಗೆ ಮಗುವಿನ ಕೈ ಹಿಡಿದು ಸೋಪು ಹಾಕಿ ಹದಿನೈದು ನಿಮಿಷ ತೊಳೆದೆವು. ಗಡಿಯಾರ ನೋಡಿಯೇ ತೊಳೆದೆವು. ಹದಿನೈದು ನಿಮಿಷ ಎಷ್ಟು ಉದ್ದ ಅಂತ ಅಳುವ ಮಗುವಿನ ಕೈ ಹಿಡಿದಾಗ ಗೊತ್ತಾಗುತ್ತದೆ. ಯಾರೋ ಅರಿಶಿನ ತಂದರು, ಇನ್ಯಾರೋ ಸುಣ್ಣ ಅಂದರು. ಎರಡೂ ಬೇಡ ಅಂದೆ. ಗಾಯದಲ್ಲಿರುವ ಜೊಲ್ಲು ನೀರಿನಲ್ಲಿ ಹರಿದು ಹೋಗಬೇಕು. ಮೇಲೆ ಏನಾದರೂ ಮೆತ್ತಿದರೆ ಅದು ಒಳಗೇ ಉಳಿಯುತ್ತದೆ.

ಕರಿಯನಿಗೆ ಪ್ರತಿ ವರ್ಷ ರೇಬಿಸ್ ಲಸಿಕೆ ಹಾಕಿಸಿದ್ದೇವೆ. ಆ ಕಾರ್ಡು ತೆಗೆದು ಮಗುವಿನ ತಂದೆಗೆ ಕೊಟ್ಟೆ. ನಾಯಿಗೆ ಲಸಿಕೆ ಆಗಿದೆ, ಮಗುವಿಗೆ ಬೇಡ ಅಂತ ನಾನು ಹೇಳಲಿಲ್ಲ. ಆ ತೀರ್ಮಾನ ವೈದ್ಯರದು. ನಮ್ಮ ಜೀಪಿನಲ್ಲೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆವು. ಅವತ್ತೇ ಮೊದಲ ಚುಚ್ಚುಮದ್ದು ಆಯಿತು. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಮತ್ತೆ ಕೊಡಬೇಕು. ಅಂದರೆ ಜನವರಿ 29, ಫೆಬ್ರವರಿ 2, ಫೆಬ್ರವರಿ 23. ಮೂರೂ ದಾವಣಗೆರೆಯಲ್ಲೇ ಹಾಕಿಸಿದರು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಪ್ರತಿ ದಿನ ಸಂಜೆ ಕರಿಯ ಊಟ ಮಾಡುವ ಫೋಟೊ ತೆಗೆದು ಆ ತಂದೆಗೆ ಕಳಿಸಿದೆ. ಫೆಬ್ರವರಿ 5ಕ್ಕೆ ಹತ್ತು ದಿನ ಮುಗಿಯಿತು. ಅವರು ಮೊದಲ ದಿನ ಕೋಪದಿಂದಲೇ ಮಾತಾಡಿದ್ದರು. ಅದು ನ್ಯಾಯ. ಐದನೇ ದಿನದ ಹೊತ್ತಿಗೆ ಅವರೇ ಕೇಳಿದರು: ‘ಅವನಿಗೆ ಏನಾದರೂ ತೊಂದರೆ ಇದೆಯಾ? ತೋರಿಸಿದ್ರಾ?’

ಊರವರ ಮಾತು

ಅಷ್ಟರಲ್ಲಿ ಸಲಹೆಗಳು ಬರತೊಡಗಿದವು. ‘ವಯಸ್ಸಾದ ನಾಯಿಗೆ ತಲೆ ಕೆಡುತ್ತೆ.’ ‘ಒಂದು ಸಲ ಬಾಯಿ ಹಾಕಿದ್ದು ಇನ್ನೊಂದು ಸಲ ಹಾಕೇ ಹಾಕುತ್ತೆ.’ ‘ಯಾವುದಾದರೂ ಹೊಲದ ಕಡೆ ಬಿಟ್ಟು ಬನ್ನಿ.’ ಕೊನೆಯದನ್ನು ನನ್ನ ಹತ್ತಿರದ ಸಂಬಂಧಿಯೇ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹದಿಮೂರು ವರ್ಷ ಒಂದೇ ಗೇಟು ಕಾಯ್ದ ನಾಯಿಯನ್ನು ಗುರುತಿಲ್ಲದ ಹೊಲದಲ್ಲಿ ಬಿಟ್ಟರೆ ಅದು ನಾಲ್ಕು ದಿನ ಬದುಕುವುದಿಲ್ಲ. ಈ ಗುಡ್ಡದಲ್ಲಿ ಚಿರತೆಗಳಿವೆ. ಸಾಕಿದ ಪ್ರಾಣಿಯನ್ನು ಹಸಿವೆ ಬಾಯಾರಿಕೆಗೆ ದೂಡಿ ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಆದರೆ ನನಗೆ ಕಾಯ್ದೆ ನೆನಪಾದದ್ದು ಆಮೇಲೆ. ಮೊದಲು ನೆನಪಾದದ್ದು ಮೂಲೆಯಲ್ಲಿ ನಡುಗುತ್ತಿದ್ದ ಅವನ ಹಿಂಗಾಲು.

ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಕೋಪ ಬಂದ ನಾಯಿ ಮುಂದೆ ನುಗ್ಗುತ್ತದೆ. ಕರಿಯ ಬಾಯಿ ಹಾಕಿ ಹಿಂದೆ ಸರಿದಿದ್ದ. ಅವನು ಹೆದರಿದ್ದ. ಯಾಕೆ?

ಪಶುವೈದ್ಯರು ಕಂಡದ್ದು

ಮಂಗಳವಾರ ವೈದ್ಯರ ಹತ್ತಿರ ಹೋದೆವು. ಅವರು ಮೊದಲು ಕರಿಯನನ್ನು ಮುಟ್ಟಲೇ ಇಲ್ಲ. ನೆಲಕ್ಕೆ ಬಿಟ್ಟು ನಡೆಯುವುದನ್ನು ನೋಡಿದರು. ‘ಎಷ್ಟು ದಿನದಿಂದ ಹಿಂದಿನ ಕಾಲು ಹೀಗೆ ಕಿರಿದು ಹೆಜ್ಜೆ ಇಡ್ತಾನೆ?’ ಅಂದರು. ನಾವು ಮುಖ ಮುಖ ನೋಡಿಕೊಂಡೆವು. ದಿನಾ ಕಣ್ಣೆದುರು ಇರುವವರಿಗೆ ನಿಧಾನವಾಗಿ ಆಗುವ ಬದಲಾವಣೆ ಕಾಣುವುದಿಲ್ಲ.

ಎಕ್ಸ್‌ರೇ ತೆಗೆದರು. ಸೊಂಟದ ಎರಡೂ ಕೀಲು ಸವೆದಿದ್ದವು. ಬೆನ್ನುಮೂಳೆಯ ಕೆಳಭಾಗದಲ್ಲಿ ಎಲುಬು ಬೆಳೆದು ಒಂದಕ್ಕೊಂದು ಕೂಡಿಕೊಂಡಿತ್ತು. ಕಣ್ಣಿನಲ್ಲಿ ನೀಲಿ ಮಸುಕು ಇತ್ತು. ಅದು ಪೊರೆ ಅಂತ ನಾವು ತಿಳಿದಿದ್ದೆವು. ಪೊರೆ ಅಲ್ಲ, ವಯಸ್ಸಿಗೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದೆ, ನೋಟಕ್ಕೆ ದೊಡ್ಡ ತೊಂದರೆ ಇಲ್ಲ ಅಂದರು.

ಆಮೇಲೆ ಕಿವಿ. ನಾನು ಅವನ ಮುಂದೆ ಕೂತು ಬಿಸ್ಕತ್ತು ತೋರಿಸುತ್ತಾ ಇದ್ದೆ. ವೈದ್ಯರು ಹಿಂದೆ, ಸ್ವಲ್ಪ ದೂರದಲ್ಲಿ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಕಿವಿ ಕದಲಲಿಲ್ಲ. ಸ್ಟೀಲ್ ತಟ್ಟೆ ಬಡಿದರು. ಕದಲಲಿಲ್ಲ. ಕೊನೆಗೆ ಬೂಟುಗಾಲಿನಿಂದ ನೆಲಕ್ಕೆ ಗಟ್ಟಿಯಾಗಿ ಒದ್ದರು. ಕರಿಯ ತಟ್ಟನೆ ತಿರುಗಿ ನೋಡಿದ.

‘ಕೇಳಿಸಿದ್ದಲ್ಲ, ನೆಲ ಅದಿರಿದ್ದು ಗೊತ್ತಾಯ್ತು ಅವನಿಗೆ. ಕಿವಿ ಪೂರ್ತಿ ಹೋಗಿದೆ ಅನಿಸುತ್ತೆ’ ಅಂದರು.

ನಾನು ನಂಬಲಿಲ್ಲ. ಕಾರು ಬಂದರೆ ಗೇಟಿಗೆ ಹೋಗುತ್ತಾನಲ್ಲ ಅಂದೆ. ‘ಬೇರೆ ನಾಯಿ ಇದೆಯಾ?’ ಅಂತ ಕೇಳಿದರು. ಮನೆಗೆ ಬಂದು ನೋಡಿದೆ. ಬೆಳ್ಳಿಯನ್ನು ಒಳಗೆ ಕಟ್ಟಿ ಹಾಕಿ ನನ್ನ ಗಂಡ ಕಾರು ತಂದು ಗೇಟಿನ ಮುಂದೆ ಹಾರನ್ ಹೊಡೆದರು. ಕರಿಯ ಬೇವಿನ ಮರದ ಕೆಳಗೆ ಮಲಗೇ ಇದ್ದ. ಬೆಳ್ಳಿಯನ್ನು ಬಿಟ್ಟು ಮತ್ತೆ ಹಾರನ್ ಹೊಡೆದರು. ಬೆಳ್ಳಿ ಎದ್ದಳು. ಅವಳು ಎದ್ದದ್ದನ್ನು ನೋಡಿ ಕರಿಯ ಎದ್ದ, ಗೇಟಿಗೆ ಹೋಗಿ ಎರಡು ಸಲ ಬೊಗಳಿದ.

ಎಷ್ಟು ಕಾಲದಿಂದ ಹೀಗೆ ನಡೆಸಿಕೊಂಡು ಬಂದಿದ್ದನೋ. ಆ ಮಧ್ಯಾಹ್ನ ನಾನು ಅತ್ತೆ. ಕರೆದರೂ ಬರುವುದಿಲ್ಲ, ಮೊಂಡು ಬಿದ್ದಿದ್ದಾನೆ ಅಂತ ಒಂದು ವರ್ಷದಿಂದ ಗದರಿಸುತ್ತಿದ್ದೆ.

ನೋವಿಗೆ ಮೆಲಾಕ್ಸಿಕಾಮ್ ಕೊಟ್ಟರು. ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ, ಯಕೃತ್ತು ಸರಿ ಇವೆಯಾ ನೋಡಿದರು. ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಹಿಂದಿನ ಮಳೆಗಾಲದಲ್ಲಿ ಅವನು ಎರಡು ದಿನ ಕುಂಟಿದಾಗ ಮನೆಯಲ್ಲಿದ್ದ ಮನುಷ್ಯರ ನೋವಿನ ಮಾತ್ರೆಯಲ್ಲಿ ಅರ್ಧ ಕೊಟ್ಟಿದ್ದೆ. ಡೈಕ್ಲೋಫಿನಾಕ್. ಮರುದಿನ ವಾಂತಿ ಮಾಡಿದ, ಮಲ ಟಾರಿನ ಹಾಗೆ ಕಪ್ಪಾಗಿತ್ತು. ಹೊಟ್ಟೆಯೊಳಗೆ ರಕ್ತ ಸೋರಿದರೆ ಮಲ ಹಾಗಾಗುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಏನೋ ತಿಂದಿರಬೇಕು ಅಂದುಕೊಂಡೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಎರಡೂ ನಾಯಿಗಳಿಗೆ ವಿಷದ ಸಮಾನ. ದನಕರುಗಳಿಗೆ ಕೊಟ್ಟ ಡೈಕ್ಲೋಫಿನಾಕ್‌ನಿಂದ ರಣಹದ್ದುಗಳು ಸತ್ತು ಸಂತತಿಯೇ ಕುಸಿದು, 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಲ್ಲಿಸಿದರು. ಅದರ ಬದಲಿಗೆ ಬಂದದ್ದೇ ಈ ಮೆಲಾಕ್ಸಿಕಾಮ್. ಇದನ್ನೂ ತೂಕ ನೋಡಿ, ವೈದ್ಯರು ಹೇಳಿದಷ್ಟೇ ಕೊಡಬೇಕು.

ತೂಕಕ್ಕೆ ನಮ್ಮಲ್ಲಿ ಈರುಳ್ಳಿ ಚೀಲ ತೂಗುವ ಯಂತ್ರ ಇದೆ. ಅದರ ಮೇಲೇ ನಿಲ್ಲಿಸಿದೆವು. 27 ಕಿಲೊ. ಅವನ ಎಲುಬಿನ ಗಾತ್ರಕ್ಕೆ 22 ಸಾಕು ಅಂದಿದ್ದರು ವೈದ್ಯರು. ಹೆಚ್ಚಿನ ಐದು ಕಿಲೊ ಆ ಸವೆದ ಕೀಲುಗಳ ಮೇಲೆ ಕೂತಿತ್ತು.

ನೋಟ್‌ಬುಕ್

ವೈದ್ಯರು ಹೇಳಿದ ಇನ್ನೊಂದು ಕೆಲಸ ನನಗೆ ತುಂಬ ಉಪಯೋಗಕ್ಕೆ ಬಂತು. ‘ಅವನು ಬೆಚ್ಚಿದಾಗಲೆಲ್ಲ ಬರೆದಿಡಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಹತ್ತಿರ ಬಂದರು.’ ಬುಕಿಂಗ್ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಶುರು ಮಾಡಿದೆ. ಆ ದಿನಗಳಲ್ಲಿ ಕರಿಯನನ್ನು ಅತಿಥಿಗಳ ಕಡೆ ಬಿಡಲಿಲ್ಲ. ಕೆಲಸದವರು ಮತ್ತು ನಾವು ಮಾತ್ರ.

ಮೂರು ವಾರದಲ್ಲಿ ಹದಿನಾಲ್ಕು ಸಲ ಬೆಚ್ಚಿದ್ದ. ಹನ್ನೆರಡು ಸಲ ಟೈಲ್ಸ್ ಅಥವಾ ಸಿಮೆಂಟ್ ಮೇಲೆ. ಎರಡು ಸಲ ಮಣ್ಣಿನ ಮೇಲೆ. ಒಂದನೇ ಕ್ಯಾಬಿನ್ನಿನ ಜಗುಲಿಯಲ್ಲಿ ಒಂದು ಸಲವೂ ಇಲ್ಲ. ಆದರೆ ಅವನು ದಿನಕ್ಕೆ ಎರಡು ಗಂಟೆ ಅಲ್ಲೇ ಮಲಗುತ್ತಿದ್ದ.

ಒಂದನೇ ಕ್ಯಾಬಿನ್ನಿನ ಜಗುಲಿ ಮರದ್ದು.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಮೊದಲು ನಮ್ಮ ಎಲ್ಲ ಕ್ಯಾಬಿನ್‌ಗಳಿಗೂ ನೀಲಗಿರಿ ಹಲಗೆಯ ಜಗುಲಿ ಇತ್ತು. ನೆಲದಿಂದ ಒಂದೂವರೆ ಅಡಿ ಎತ್ತರ, ಕೆಳಗೆ ಪೊಳ್ಳು. ಯಾರು ಕಾಲಿಟ್ಟರೂ ಇಡೀ ಜಗುಲಿ ಧಡ್ ಧಡ್ ಅನ್ನುತ್ತಿತ್ತು. ಗೆದ್ದಲು ಹಿಡಿದು ಹಿಡಿದು ಸಾಕಾಗಿ 2023ರಲ್ಲಿ ಎರಡರಿಂದ ಐದನೇ ಕ್ಯಾಬಿನ್‌ವರೆಗೆ ಸಿಮೆಂಟ್ ಹಾಕಿ ಟೈಲ್ಸ್ ಕೂರಿಸಿದೆವು. ಒಂದನೆಯದು ಕಲ್ಲುಕಂಬದ ಮೇಲೆ ಇದ್ದದ್ದರಿಂದ ಗೆದ್ದಲು ಹತ್ತಿರಲಿಲ್ಲ, ಹಾಗೇ ಉಳಿಸಿದೆವು. ಟೈಲ್ಸ್ ಹಾಕಿದ ಮೇಲೆ ಅತಿಥಿಗಳು ಮೆಚ್ಚಿದರು. ಗುಡಿಸಲು ಒರೆಸಲು ಸುಲಭ. ನನಗೂ ಖುಷಿಯಾಗಿತ್ತು.

ಕರಿಯನ ಕಿವಿ ಆಗಲೇ ಮಂದವಾಗುತ್ತಿದ್ದಿರಬೇಕು. ಅವನ ಬದಲಿಗೆ ಹಲಗೆ ಕೇಳಿಸಿಕೊಳ್ಳುತ್ತಿತ್ತು. ಯಾರೋ ಮೆಟ್ಟಿಲು ಹತ್ತಿದರು, ಯಾರೋ ಬಾಗಿಲು ತೆಗೆದರು ಅನ್ನುವ ಸುದ್ದಿ ಅವನ ಹೊಟ್ಟೆಗೆ, ಎದೆಗೆ ಮುಟ್ಟುತ್ತಿತ್ತು. ಕಣ್ಣು ಬಿಟ್ಟು, ಬಾಲ ಆಡಿಸಿ, ಎದ್ದು ದಾರಿ ಬಿಡುತ್ತಿದ್ದ. ಟೈಲ್ಸ್ ಅವನಿಗೆ ಏನನ್ನೂ ಹೇಳುವುದಿಲ್ಲ. ಬರಿಗಾಲಿನ ಏಳು ವರ್ಷದ ಹುಡುಗಿ ಬಂದು ಕೂತದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕೆನ್ನೆಗೆ ಕೈ ತಾಗಿದ್ದೇ ಮೊದಲ ಸುದ್ದಿ.

ಟೈಲ್ಸ್ ಇನ್ನೊಂದು ಕೆಡುಕೂ ಮಾಡಿತ್ತು. ಸೊಂಟ ನೋಯುವ ನಾಯಿ ನುಣುಪು ನೆಲದಲ್ಲಿ ಏಳಲು ಹೋದರೆ ಹಿಂಗಾಲು ಎರಡು ಕಡೆಗೆ ಜಾರುತ್ತದೆ. ಪ್ರತಿ ಸಲ ಏಳುವುದೂ ಒಂದು ನೋವು. ಜಾರುವ ಭಯಕ್ಕೆ ಅವನು ಏಳುವುದನ್ನೇ ಕಡಿಮೆ ಮಾಡಿದ್ದ. ಸೋಮಾರಿಯಾಗಿದ್ದಾನೆ ಅಂತ ನಾವು ತಮಾಷೆ ಮಾಡುತ್ತಿದ್ದೆವು.

ತೋಟ ನೋಡಿಕೊಳ್ಳುವ ತಾತ ಹಳೇ ಹಲಗೆಗಳಲ್ಲಿ ಗಟ್ಟಿ ಇದ್ದವನ್ನು ಆರಿಸಿ ನಾಲ್ಕಡಿ ಅಗಲ, ಆರಡಿ ಉದ್ದದ ಕಟ್ಟೆ ಮಾಡಿಕೊಟ್ಟರು. ಮನುಷ್ಯರು ಕಾಲಿಡುವ ತುದಿ ಸ್ವಲ್ಪ ಸಡಿಲ, ತುಳಿದರೆ ಅದಿರಬೇಕು ಅಂತ. ಮಲಗುವ ಕಡೆ ತೆಂಗಿನ ನಾರಿನ ಚಾಪೆ. ಮೂರನೇ ಕ್ಯಾಬಿನ್ನಿನ ಜಗುಲಿಯಿಂದ ದೂರ, ಬೇವಿನ ಮರದ ಕೆಳಗೆ, ಗೇಟು ಕಾಣುವ ಜಾಗದಲ್ಲಿ ಇಟ್ಟೆವು. ಮೊದಲ ದಿನ ಮೂಸಿ ನೋಡಿ ಹೋದ. ಎರಡನೇ ದಿನ ಹತ್ತಿ ಮಲಗಿದ. ಅಂದಿನಿಂದ ಅದು ಅವನದು.

ಉತ್ತರ ಇನ್ನೂ ಪೂರ್ತಿ ಆಗಿರಲಿಲ್ಲ

ಫೆಬ್ರವರಿ ಕೊನೆಗೆ ಬೆಚ್ಚುವುದು ತುಂಬ ಕಡಿಮೆ ಆಯಿತು. ನಡಿಗೆಯೂ ಸುಧಾರಿಸಿತು. ಇಲ್ಲಿಗೇ ಮುಗಿಯಿತು ಅಂದುಕೊಂಡಿದ್ದರೆ ನಾವು ದೊಡ್ಡ ತಪ್ಪು ಮಾಡುತ್ತಿದ್ದೆವು.

ಎಚ್ಚರವಾಗಿದ್ದಾಗಲೂ, ಕಣ್ಣೆದುರೇ ಕೈ ತಂದಾಗಲೂ, ಬಲಗೆನ್ನೆ ಮುಟ್ಟಿದರೆ ಕರಿಯ ತಲೆ ಎಳೆದುಕೊಳ್ಳುತ್ತಿದ್ದ. ಎಡಗೆನ್ನೆ ಎಷ್ಟು ಸವರಿದರೂ ಸುಮ್ಮನಿರುತ್ತಿದ್ದ. ನೋಟ್‌ಬುಕ್ ತಿರುವಿ ನೋಡಿದೆ. ಬೆಚ್ಚಿದ ಹದಿನಾಲ್ಕರಲ್ಲಿ ಗುರ್ ಅಂದದ್ದು ಮೂರು ಸಲ ಮಾತ್ರ. ಮೂರೂ ಸಲ ಕೈ ಮುಖದ ಬಲಗಡೆ ಹೋಗಿತ್ತು. ಮಾರ್ಚ್ ಎರಡನೇ ವಾರ ಬಲಗಣ್ಣಿನ ಕೆಳಗೆ ಅಡಿಕೆ ಗಾತ್ರದ ಊತ ಬಂತು.

ಜೇನು ಕಚ್ಚಿರಬೇಕು ಅಂದರು ಅಡುಗೆಯ ಅಕ್ಕ. ವೈದ್ಯರು ಊತ ನೋಡಿದ ಕೂಡಲೇ ತುಟಿ ಎತ್ತಿ ಮೇಲಿನ ಹಲ್ಲು ನೋಡಿದರು. ಮೊದಲ ಸಲ ಅವನು ಬಾಯಿ ತೆಗೆಯಲು ಬಿಟ್ಟಿರಲಿಲ್ಲ. ಬಲಗಡೆ ಮೇಲಿನ ದೊಡ್ಡ ಕತ್ತರಿ ಹಲ್ಲು ಹೋಳಾಗಿ ಸೀಳಿತ್ತು. ಒಳಗಿನ ನರ ಬಯಲಾಗಿ, ಬೇರಿನ ತುದಿಯಲ್ಲಿ ಕೀವು ಕಟ್ಟಿತ್ತು. ಆ ಹಲ್ಲಿನ ಬೇರು ಕಣ್ಣಿನ ಕೆಳಗಿನವರೆಗೂ ಹೋಗುತ್ತದೆ, ಅದಕ್ಕೇ ಊತ ಅಲ್ಲಿ ಕಾಣುತ್ತದೆ.

‘ಗಟ್ಟಿ ಮೂಳೆ ಕಡೀತಾನಾ?’ ಅಂತ ಕೇಳಿದರು.

ಹೌದು. ನಾವು ಕೊಡುವುದಿಲ್ಲ. ಅತಿಥಿಗಳು ಕೊಡುತ್ತಾರೆ. ಶನಿವಾರ ರಾತ್ರಿ ಮಟನ್ ಊಟ ಆದ ಮೇಲೆ ತಟ್ಟೆಯ ಮೂಳೆಗಳೆಲ್ಲ ಕರಿಯನಿಗೇ. ‘ಪಾಪ, ತಿನ್ಲಿ ಬಿಡಿ’ ಅಂತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ದಾವಣಗೆರೆಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರುತ್ತಾರೆ, ಅದರಲ್ಲೂ ಅವನಿಗೆ ಪಾಲು. ಈರುಳ್ಳಿ ಸಾರಿನ ಅನ್ನ ನಮ್ಮ ಅಡುಗೆ ಮನೆಯಿಂದಲೇ ಹೋಗುತ್ತಿತ್ತು. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೇಯಿಸಿದರೂ ಅದರ ಗುಣ ಹೋಗುವುದಿಲ್ಲ. ಈರುಳ್ಳಿ ಬೆಳೆಯುವ ನಮಗೆ ಇದು ಈ ವರ್ಷವೇ ತಿಳಿದದ್ದು.

ಹಲ್ಲು ಸೀಳಿದ ನಾಯಿ ಊಟ ಬಿಡುವುದಿಲ್ಲ. ಇನ್ನೊಂದು ಕಡೆಯಿಂದ ಅಗಿಯುತ್ತದೆ, ಇಲ್ಲವೇ ಅಗಿಯದೇ ನುಂಗುತ್ತದೆ. ಚೆನ್ನಾಗಿ ತಿನ್ನುತ್ತಾನಲ್ಲ, ಆರೋಗ್ಯವಾಗೇ ಇದ್ದಾನೆ ಅಂತ ನಾವು ತಿಳಿದಿದ್ದೆವು.

ಹಲ್ಲು ತೆಗೆಯಬೇಕು. ಅದಕ್ಕೆ ಪೂರ್ತಿ ಅರಿವಳಿಕೆ ಬೇಕು. ಹದಿಮೂರು ವರ್ಷದ ನಾಯಿಗೆ ಅರಿವಳಿಕೆ ಅಂದಾಗ ನನ್ನ ಗಂಡ ಬೇಡ ಅಂದರು. ನನಗೂ ಧೈರ್ಯ ಇರಲಿಲ್ಲ. ಎರಡು ರಾತ್ರಿ ಇದೇ ಮಾತು. ವಯಸ್ಸು ಒಂದೇ ಕಾರಣಕ್ಕೆ ಬೇಡ ಅನ್ನಬಾರದು, ಹೃದಯ ಮತ್ತು ಮೂತ್ರಪಿಂಡ ಹೇಗಿವೆ ನೋಡಿ ತೀರ್ಮಾನ ಮಾಡೋಣ ಅಂದರು ವೈದ್ಯರು. ಕೀವು ಹಾಗೇ ಬಿಟ್ಟರೆ ಅದರ ಅಪಾಯವೂ ಇತ್ತು. ಪರೀಕ್ಷೆಗಳು ಸರಿ ಬಂದವು. ಮಾರ್ಚ್ ಕೊನೆಗೆ ಹೊಳಲ್ಕೆರೆ, ಚನ್ನಗಿರಿ ದಾಟಿ ಶಿವಮೊಗ್ಗಕ್ಕೆ ಹೋದೆವು. ಚನ್ನಗಿರಿ ಹತ್ತಿರ ಅಡಿಕೆ ತೋಟ ಶುರುವಾದಾಗ ಕಿಟಕಿಯಿಂದ ಮೂತಿ ಹೊರಗೆ ಹಾಕಿ ಕೂತ. ಮೂಗು ಮಾತ್ರ ಈಗಲೂ ಹೊಸದರ ಹಾಗಿದೆ ಅವನಿಗೆ.

ಮೂರು ಬೇರಿನ ಹಲ್ಲು ಅದು. ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಸಂಜೆ ತೂರಾಡುತ್ತಾ ಎದ್ದು ನಿಂತ. ನಾಲ್ಕನೇ ದಿನ ನಾನು ಅವನ ಬಲಗೆನ್ನೆಗೆ ಕೈ ಇಟ್ಟೆ. ತಲೆ ಎಳೆದುಕೊಳ್ಳಲಿಲ್ಲ. ಕೈಗೇ ಒರಗಿದ. ಎಷ್ಟು ತಿಂಗಳಿನಿಂದ ಆ ಕಡೆ ನೋಯುತ್ತಿತ್ತೋ.

ಆ ಹುಡುಗಿ ಮುಟ್ಟಿದ್ದು ಅದೇ ಕೆನ್ನೆ. ಕೇಳದ ಕಿವಿ, ನಿದ್ದೆ, ಸುದ್ದಿ ಹೇಳದ ನೆಲ, ಅದರ ಮೇಲೆ ಕೀವು ತುಂಬಿದ ಹಲ್ಲು. ಇದರಲ್ಲಿ ಯಾವುದು ಒಂದು ಇಲ್ಲದಿದ್ದರೂ ಅವತ್ತು ಅವನು ಬಾಯಿ ಹಾಕುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ. ಅದರಲ್ಲಿ ನೆಲ ನಾವು ಮಾಡಿಸಿದ್ದು. ಮೂಳೆ ನಮ್ಮ ಕಣ್ಣೆದುರೇ ಬಿದ್ದದ್ದು.

ರೆಸಾರ್ಟಿನಲ್ಲಿ ಬದಲಾದದ್ದು

ಗೇಟಿನ ಹತ್ತಿರ ಒಂದು ಬೋರ್ಡು ಹಾಕಿದ್ದೇವೆ: ‘ಕರಿಯನಿಗೆ ಕಿವಿ ಕೇಳಿಸುವುದಿಲ್ಲ. ಮಲಗಿದ್ದರೆ ಮುಟ್ಟಬೇಡಿ. ಹಲಗೆಯ ತುದಿಯನ್ನು ಎರಡು ಸಲ ತುಳಿಯಿರಿ. ಅವನು ಎದ್ದು ನೋಡಿದ ಮೇಲೆ ಮಾತಾಡಿಸಿ.’ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ. ದೊಡ್ಡವರು ಬೋರ್ಡು ಓದುವುದೇ ಕಡಿಮೆ. ಹಾಗಾಗಿ ಬುಕಿಂಗ್ ಮಾಡುವಾಗಲೇ ಫೋನಿನಲ್ಲಿ ಹೇಳುತ್ತೇನೆ. ಸಣ್ಣ ಮಕ್ಕಳಿದ್ದರೆ ಕರಿಯನ ಹತ್ತಿರ ನಮ್ಮಲ್ಲಿ ಒಬ್ಬರು ಇದ್ದೇ ಇರುತ್ತೇವೆ. ಇದು ಒಪ್ಪದ ಒಂದೆರಡು ಕುಟುಂಬ ಬೇರೆ ಜಾಗ ನೋಡಿಕೊಂಡರು. ಇರಲಿ.

ಊಟದ ತಟ್ಟೆಗಳನ್ನು ಈಗ ನಾವೇ ಎತ್ತುತ್ತೇವೆ. ಮೂಳೆ ನೇರ ಮುಚ್ಚಳದ ಡಬ್ಬಕ್ಕೆ. ನಾಯಿಗೆ ಏನಾದರೂ ಕೊಡಲೇಬೇಕು ಅನ್ನುವವರಿಗೆ ಬೇಯಿಸಿದ ಕ್ಯಾರೆಟ್ ತುಂಡುಗಳ ಒಂದು ಬಟ್ಟಲು ಇಟ್ಟಿದ್ದೇವೆ. ರಾತ್ರಿ ಬೆಂಕಿ ಹತ್ತು ಗಂಟೆಗೆ ಆರುತ್ತದೆ. ನಾಲ್ಕೂ ಟೈಲ್ಸ್ ಜಗುಲಿಗಳಿಗೆ ನಾರಿನ ಚಾಪೆ ಬಿದ್ದಿದೆ. ಮಳೆಗಾಲದಲ್ಲಿ ಚಾಪೆ ಒಣಗಿಸುವುದು ದೊಡ್ಡ ಕೆಲಸ, ಆದರೂ ತೆಗೆದಿಲ್ಲ. ಆಗಸ್ಟ್‌ನಲ್ಲಿ ಈರುಳ್ಳಿ ತಕ್ಕಡಿಯ ಮೇಲೆ ಕರಿಯ 22 ಕಿಲೊ 400 ಗ್ರಾಂ ತೂಗಿದ. ಮೆಲಾಕ್ಸಿಕಾಮ್ ಪ್ರಮಾಣವನ್ನು ವೈದ್ಯರು ಇಳಿಸಿದರು.

ರಾತ್ರಿಗಳು

ಜುಲೈನಿಂದ ಇನ್ನೊಂದು ಶುರುವಾಗಿದೆ. ರಾತ್ರಿ ಎರಡು ಗಂಟೆಗೆ ಎದ್ದು ನಡುಮನೆಯಲ್ಲಿ ಸುತ್ತುತ್ತಾನೆ. ಬಾಗಿಲ ಮೂಲೆಗೆ ಮುಖ ಮಾಡಿ ನಿಲ್ಲುತ್ತಾನೆ, ತಿರುಗಿ ಬರುವುದು ಮರೆತವನ ಹಾಗೆ. ಹಗಲು ಜಾಸ್ತಿ ಮಲಗುತ್ತಾನೆ. ಮನುಷ್ಯರಿಗೆ ಬರುವ ಮರೆವಿನ ಕಾಯಿಲೆಯ ಹಾಗೆಯೇ ನಾಯಿಗಳಿಗೂ ಬರುತ್ತದೆ. ಅಮೆರಿಕದಲ್ಲಿ 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹನ್ನೊಂದು ಹನ್ನೆರಡು ವರ್ಷದ ನಾಯಿಗಳಲ್ಲಿ ಶೇಕಡ 28ಕ್ಕೆ, ಹದಿನೈದು ಹದಿನಾರು ವರ್ಷದವುಗಳಲ್ಲಿ ಶೇಕಡ 68ಕ್ಕೆ ಇಂಥ ಲಕ್ಷಣಗಳಲ್ಲಿ ಒಂದಾದರೂ ಕಂಡಿತ್ತು. ಇದಕ್ಕೆ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಹೊತ್ತು ಹೊತ್ತಿಗೆ ಅದೇ ಕೆಲಸ, ಸಂಜೆ ನಡಿಗೆ, ರಾತ್ರಿ ಒಂದು ಸಣ್ಣ ದೀಪ. ಸಾಮಾನು ಕದಲಿಸುವುದಿಲ್ಲ. ಕತ್ತಲಾದ ಮೇಲೆ ಅವನು ಹೊರಗೆ ಹೋಗಬಾರದು, ಚಿರತೆಯ ಭಯ ಇದೆ. ಬಾಗಿಲಿಗೆ ಕಬ್ಬಿಣದ ಚಿಲಕ ಹಾಕಿಸಿದೆ. ಹಳೇ ಕಾಲದ ಮುಳ್ಳಿನ ಪಟ್ಟಿಯನ್ನು ಬೆಳ್ಳಿಗೆ ಹಾಕಿದ್ದೇವೆ, ಕರಿಯನ ಕುತ್ತಿಗೆಗೆ ಈಗ ಅದು ಭಾರ.

ಎರಡು ಗಂಟೆಗೆ ಅವನ ಉಗುರಿನ ಸದ್ದು ಕೇಳಿಸಿದರೆ ನಾನು ಎದ್ದು ಪಕ್ಕದಲ್ಲಿ ನಡೆಯುತ್ತೇನೆ. ಹತ್ತು ನಿಮಿಷ. ನೆಲಕ್ಕೆ ಮೆಲ್ಲಗೆ ಕಾಲು ತಟ್ಟಿದರೆ ನಿಂತು ನನ್ನ ಮುಖ ನೋಡುತ್ತಾನೆ. ಆಮೇಲೆ ಹಾಸಿಗೆಗೆ ಬರುತ್ತಾನೆ. ಮರುದಿನ ಆರು ಗಂಟೆಗೆ ಅತಿಥಿಗಳಿಗೆ ಕಾಫಿ ಆಗಬೇಕು. ಕೆಲವು ದಿನ ಕಷ್ಟ ಆಗುತ್ತದೆ.

ಯಾವಾಗ ಸಾಕು ಅನ್ನಬೇಕು ಅಂತ ವೈದ್ಯರನ್ನು ಕೇಳಿದೆ. ಅವರು ನೇರ ಉತ್ತರ ಕೊಡಲಿಲ್ಲ. ‘ಅವನಿಗೆ ತುಂಬ ಇಷ್ಟವಾದ ಮೂರು ಕೆಲಸ ಬರೆದಿಡಿ’ ಅಂದರು. ನೋಟ್‌ಬುಕ್ಕಿನಲ್ಲಿ ಬರೆದೆವು. ಒಂದು, ಗೇಟು. ಎರಡು, ಸಂಜೆ ಈರುಳ್ಳಿ ಹೊಲದ ಬದುವಿನ ಮೇಲೆ ನಡೆಯುವುದು. ಮೂರು, ಮೊಸರನ್ನ. ಇದರಲ್ಲಿ ಎರಡು ಹೋದ ದಿನ ಅವರಿಗೆ ಫೋನ್ ಮಾಡಬೇಕು. ಕೂತು ಮಾತಾಡೋಣ ಅಂದಿದ್ದಾರೆ.

ಅಕ್ಟೋಬರ್‌ನಲ್ಲಿ ದಸರಾ ರಜೆಯ ಮೊದಲ ಕಾರು ಬಂದಾಗ ಬೆಳ್ಳಿ ಎದ್ದು ಓಡಿದಳು. ಕರಿಯ ತಲೆ ಎತ್ತಿ ಅವಳನ್ನು ನೋಡಿದ. ಏಳಲಿಲ್ಲ. ಮರುದಿನವೂ ಇಲ್ಲ. ಒಂದು ವಾರ ಕಾಯ್ದು, ನೋಟ್‌ಬುಕ್ಕಿನಲ್ಲಿ ಗೇಟಿನ ಮೇಲೆ ಗೆರೆ ಎಳೆದೆ.

ಇವತ್ತು ಸಂಜೆ ಬದುವಿನ ಮೇಲೆ ಅರ್ಧ ದೂರ ನಡೆದ. ಎರಡು ಸಲ ಕೂತ. ಮೊಸರನ್ನದ ತಟ್ಟೆ ನೆಕ್ಕಿ ಖಾಲಿ ಮಾಡಿದ.